ಮಿಲ್ಟ್ರಿಗೆ ಹೊರಟವರ ಬೆನ್ನಿಗೆ ಊರು

2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾದಾಗ, ರಜೆಯ ಮೇಲೆ ಊರಿಗೆ ಬಂದಿದ್ದ ಯೋಧರಿಗೆ ಕೂಡಲೇ ಮರಳುವಂತೆ ಕರೆ ಬಂತು. ಮದುವೆ, ಜಾತ್ರೆ, ಮನೆಗೆಲಸ ಎಂದು ಬಂದವರು ಎಲ್ಲವನ್ನೂ ಅರ್ಧಕ್ಕೆ ಬಿಟ್ಟು ಟ್ರಂಕು ಕಟ್ಟಿದರು. ರಾಜ್ಯದ ಹಲವು ಊರುಗಳಲ್ಲಿ ಓಣಿಗೆ ಓಣಿಯೇ ಅವರನ್ನು ಕಳಿಸಲು ಬಂತು. ಹಣೆಗೆ ಕುಂಕುಮ, ಕೊರಳಿಗೆ ಮಾಲೆ.

ಬೆಳಗಾವಿ ಜಿಲ್ಲೆಯ ಮುಗಳಖೋಡದ ಸುತ್ತಲಿನ ಸೀಮೆಗೆ ಮಿಲ್ಟ್ರಿ ಹೊಸದಲ್ಲ. ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ಹುಡುಗರಿಗೆ ಬೆಳಗಾವಿಯ ಮರಾಠಾ ಪಲಟಣದ ಕೇಂದ್ರ ಮನೆಯ ಹತ್ತಿರದ್ದೇ. ಕಾಗವಾಡದಾಚೆ ಶಿರೋಳ ತಾಲ್ಲೂಕಿನ ಟಾಕಳಿಗೆ ಜನ ‘ಸೈನಿಕ ಟಾಕಳಿ’ ಎಂದೇ ಹೆಸರಿಟ್ಟಿದ್ದಾರೆ. ಹೊರಟ ಮಗನಿಗೆ ತಾಯಿ ಆರತಿ ಎತ್ತುವುದು, ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟುವುದು ಹಳೆಯ ರೂಢಿ. ಇಡೀ ಊರು ‘ಇವ ನಮ್ಮವ’ ಎಂದು ಎದ್ದು ನಿಲ್ಲುವುದು ಮಾತ್ರ ಅಷ್ಟು ಹಳೆಯದಲ್ಲ. ಅದಕ್ಕೊಂದು ಜಗಳದ ಹಿನ್ನೆಲೆ ಇದೆ: ಸೈನ್ಯಕ್ಕೆ ಯಾರ ಕರೆಗೆ, ಯಾವ ಹಕ್ಕು ಪಡೆದು ಹೋಗಬೇಕು ಎಂಬ ಜಗಳ. ಆ ಜಗಳ ಬಿಸಿಯೇರಿದ್ದು ಇದೇ ಬೆಳಗಾವಿಯಲ್ಲಿ.

1916ರ ಏಪ್ರಿಲ್ 28ರಂದು ಲೋಕಮಾನ್ಯ ಟಿಳಕರು ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಕಟ್ಟಿದರು. ಜೊತೆಗೆ ಗಂಗಾಧರರಾವ ದೇಶಪಾಂಡೆ ಇದ್ದರು. ಆಗ ಮೊದಲ ಮಹಾಯುದ್ಧ ನಡೆದಿತ್ತು. ಮರುದಿನವೇ, ಏಪ್ರಿಲ್ 29ರಂದು, ದೂರದ ಮೆಸೊಪೊಟೇಮಿಯಾದ ಕೂಟ್ ಪಟ್ಟಣದಲ್ಲಿ ಬ್ರಿಟಿಷ್ ಸೇನೆ ತುರ್ಕರಿಗೆ ಶರಣಾಯಿತು. 1915ರ ಡಿಸೆಂಬರ್ 7ರಿಂದ ಮುತ್ತಿಗೆಯೊಳಗೆ ಸಿಕ್ಕಿದ್ದ ಆ ಸೇನೆಯಲ್ಲಿ 103, 110 ಮತ್ತು 117ನೇ ಮರಾಠಾ ಪಲಟಣಗಳಿದ್ದವು. ಕಾಳು ತೀರಿ, ಕುದುರೆ ಕಡಿದು ತಿನ್ನುವ ಸ್ಥಿತಿಗೆ ಬಂದ ಸುಮಾರು 13,000 ಮಂದಿ ಸೆರೆಯಾದರು. ಅವರಲ್ಲಿ ಬಹಳ ಜನ ಮರುಭೂಮಿಯ ಸೆರೆವಾಸದಲ್ಲೇ ಸತ್ತರು.

ಇಲ್ಲಿ ‘ನಮ್ಮ ಮನೆಯ ಆಡಳಿತ ನಮಗೆ ಕೊಡಿ’ ಎಂಬ ಕೂಗು, ಅಲ್ಲಿ ಸಿಪಾಯಿಗಳ ಸೆರೆ. ಎರಡರ ನಡುವೆ ಒಂದೇ ರಾತ್ರಿ. ಮೇ 1ರಂದು ಬೆಳಗಾವಿಯಲ್ಲಿ ಮಾಡಿದ ಭಾಷಣವೂ ಸೇರಿ ಕೆಲವು ಭಾಷಣಗಳಿಗಾಗಿ ಟಿಳಕರ ಮೇಲೆ ಕೇಸು ಬಿತ್ತು. ಮ್ಯಾಜಿಸ್ಟ್ರೇಟರು 20,000 ರೂಪಾಯಿಯ ಮುಚ್ಚಳಿಕೆ ಕೇಳಿದರು. ಜಿನ್ನಾ ವಾದಿಸಿದ ಮೇಲೆ ಮುಂಬೈ ಹೈಕೋರ್ಟ್ ಆ ಆದೇಶವನ್ನು ಅದೇ ವರ್ಷದ ನವೆಂಬರಿನಲ್ಲಿ ರದ್ದುಪಡಿಸಿತು.

ಟಿಳಕರು ಸೈನ್ಯಕ್ಕೆ ಸೇರುವವರನ್ನು ತಡೆಯಲಿಲ್ಲ. ಅವರ ತಕರಾರು ಬೇರೆ: ಜೀವ ಕೊಡಲು ನಮ್ಮ ಹುಡುಗರು ಬೇಕು, ಅಧಿಕಾರಿಯ ಹುದ್ದೆಗೆ ಬೇಡವೆಂದರೆ ಹೇಗೆ? 1918ರಲ್ಲಿ ಗಾಂಧೀಜಿ ಸರ್ಕಾರದ ಪರವಾಗಿ ರಂಗರೂಟರನ್ನು ಸೇರಿಸುತ್ತಿದ್ದಾಗ, ಟಿಳಕರು ಅವರಿಗೆ 50,000 ರೂಪಾಯಿಯ ಚೆಕ್ ಕಳಿಸಿದರು. ಭಾರತೀಯರಿಗೆ ಅಧಿಕಾರಿ ಹುದ್ದೆಯ ಭರವಸೆ ಕೊಡಿಸಿದರೆ 5,000 ಜನರನ್ನು ತಾನೇ ಸೇರಿಸುವೆ, ತಪ್ಪಿದರೆ ಹಣ ನಿಮ್ಮದು ಎಂಬ ಪಣ ಅದು. ಸಹಾಯ ಚೌಕಾಸಿ ಆಗಬಾರದು ಎಂದು ಗಾಂಧೀಜಿ ಚೆಕ್ ಮರಳಿಸಿದರು. ಇಲ್ಲಿ ಟಿಳಕರೇ ಸರಿ. ಕೂಟ್‌ನಲ್ಲಿ ಹಸಿದವರ ಲೆಕ್ಕ ಯಾರಾದರೂ ಕೇಳಲೇಬೇಕಿತ್ತು.

ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಅಲ್ಲಿನ ಶಾಹೂ ಮಹಾರಾಜರು ಟಿಳಕರ ಕಟ್ಟಾ ವಿರೋಧಿ. ಯುದ್ಧಕ್ಕೆ ಜನ ಕೊಡುವುದರಲ್ಲಿ ಬ್ರಿಟಿಷರಿಗೆ ಬೆಂಬಲವಾಗಿ ನಿಂತವರು. ಹೀಗೆ ಒಂದೇ ಸೀಮೆಯಲ್ಲಿ ಒಬ್ಬರು ಹೋಗು ಎಂದರು, ಇನ್ನೊಬ್ಬರು ಹಕ್ಕು ಪಡೆದು ಹೋಗು ಎಂದರು. ಹೋದವನು ಮಾತ್ರ ಊರಿನ ಮಾತಿಗಿಂತ ಹೆಚ್ಚಾಗಿ ಸರ್ಕಾರದ ಕರೆಗೆ, ಸಂಬಳದ ಆಸೆಗೆ ಹೋದ. ಯುದ್ಧ ಮುಗಿದ ಮೇಲೆ ದೇಶದ ಅನೇಕ ಹಳ್ಳಿಗಳಲ್ಲಿ ಸರ್ಕಾರ ಅಮೃತಶಿಲೆಯ ಫಲಕ ಹಾಕಿಸಿತು. ಈ ಊರಿನಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಸತ್ತರು ಎಂದು ಅದರಲ್ಲಿ ಅಂಕಿಯಿತ್ತು, ಹೆಸರಿರಲಿಲ್ಲ. ಒಬ್ಬನ ಹೆಸರು ಕೆತ್ತಲು ಎಷ್ಟು ಕಲ್ಲು ಬೇಕಿತ್ತು?

ಊರು ತಾನಾಗಿ ಎದ್ದದ್ದು 1962ರಲ್ಲಿ. ಚೀನಾ ಯುದ್ಧ ಬಂದಾಗ ಹೆಣ್ಣುಮಕ್ಕಳು ಬಳೆ, ಸರ ಬಿಚ್ಚಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟರು. ಜವಾನರಿಗೆಂದು ಉಣ್ಣೆಯ ಸ್ವೆಟರ್ ಹೆಣೆದರು. 1965 ಮತ್ತು 1971ರಲ್ಲಿ ಸೈನಿಕರ ರೈಲು ನಿಂತ ಕಡೆಯಲ್ಲೆಲ್ಲ ಚಹಾ, ಊಟ ಹಿಡಿದು ಜನ ಓಡಿದರು. ಟಿಳಕರು ಕೇಳಿದ್ದ ಹುದ್ದೆಯೂ ಅಷ್ಟರಲ್ಲಿ ಕೈಗೆ ಬಂದಿತ್ತು: ದೇಶದ ಮೊದಲ ಭಾರತೀಯ ಮಹಾದಂಡನಾಯಕ ಕೊಡಗಿನ ಕಾರ್ಯಪ್ಪ.

ಆಪರೇಷನ್ ಸಿಂಧೂರದ ವಿವರ ಕೊಡಲು ದೆಹಲಿಯಲ್ಲಿ ಮಾಧ್ಯಮದ ಮುಂದೆ ಕುಳಿತ ಕರ್ನಲ್ ಸೋಫಿಯಾ ಖುರೇಶಿ, ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಸುದ್ದಿ ತಿಳಿದದ್ದೇ ತಡ, ಜನ ಅವರ ಅತ್ತೆಮನೆಗೆ ಮಾಲೆ ಹಿಡಿದು ಬಂದರು. ಕೆಲವೇ ದಿನಗಳಲ್ಲಿ ಆ ಮನೆಯ ಮೇಲೆ ದಾಳಿಯಾಯಿತೆಂಬ ಸುಳ್ಳು ಸಂದೇಶ ಜಾಲತಾಣದಲ್ಲಿ ಹರಿದಾಡಿತು. ಬೆಳಗಾವಿ ಎಸ್‌ಪಿ ಭೀಮಾಶಂಕರ ಗುಳೇದ ಅದನ್ನು ಅಲ್ಲಗಳೆದರು. ಮಾಲೆ ತಂದವರ ಊರಿನ ಮೇಲೆ ಇಂಥ ಕಳಂಕ ಹೊರಿಸಿದ್ದನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ.

ಹೊರಟವರ ವಿಡಿಯೊ ಈಗ ಎಲ್ಲರ ಮೊಬೈಲಿನಲ್ಲಿದೆ. ಮೊಬೈಲ್ ಬದಲಾದಾಗ ಅದೂ ಹೋಗುತ್ತದೆ. ಪಂಚಾಯಿತಿಗಳಲ್ಲಿ ಮನೆ ಕಂದಾಯಕ್ಕೆ, ನೀರಿನ ಬಿಲ್ಲಿಗೆ ವಹಿ ಇದೆ. ಸೈನ್ಯಕ್ಕೆ ಹೋದವರ ಹೆಸರು, ಹೋದ ವರ್ಷ, ಪಲಟಣ ಬರೆದಿಡಲು ಅದರ ಪಕ್ಕದಲ್ಲಿ ಇನ್ನೊಂದು ವಹಿ ಇಡಬಹುದು. 1971ರಲ್ಲಿ ರೈಲು ಹತ್ತಿದವರಿಗೆ ಈಗ ಎಪ್ಪತ್ತು ದಾಟಿದೆ. ಅವರನ್ನು ಈ ವರ್ಷವೇ ಕೇಳಿ ಬರೆದುಕೊಳ್ಳಬೇಕು.