‘ಹೇಳಿದಷ್ಟು ಮಾಡು’ ಎಂಬ ಸಾಲು ಅಳಿಸಿಹೋದ ಕಥೆ

2021ರ ನವೆಂಬರ್. ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ವಿಂಡೋಸ್ ಬಿಟ್ಟು ಲಿನಕ್ಸ್‌ನಲ್ಲೇ ಗೇಮ್ ಆಡುವ ಪ್ರಯೋಗದ ವಿಡಿಯೊ ಹೊರಬಂತು. ‘ಪಾಪ್ ಓಎಸ್’ ಎಂಬ ಲಿನಕ್ಸ್ ಹಾಕಿಕೊಂಡ ಅವರಿಗೆ ಬೇಕಿದ್ದದ್ದು ಸ್ಟೀಮ್ ಎಂಬ ಗೇಮ್ ಆ್ಯಪ್, ಅಷ್ಟೆ. ಅದು ನೇರವಾಗಿ ಇನ್‌ಸ್ಟಾಲ್ ಆಗಲಿಲ್ಲ. ಟರ್ಮಿನಲ್ ತೆರೆದು, ಪ್ಯಾಕೇಜುಗಳನ್ನು (ಪ್ರೋಗ್ರಾಂ ಕಟ್ಟುಗಳನ್ನು) ಸೇರಿಸುವ, ತೆಗೆಯುವ ‘ಆಪ್ಟ್’ಗೆ ಕಮಾಂಡ್ ಕೊಟ್ಟರು. ಪರದೆ ತುಂಬ ಪ್ಯಾಕೇಜುಗಳ ಹೆಸರು ಸುರಿಯಿತು. ಅದರ ನಡುವೆ, ತೆಗೆದುಹಾಕುವ ಪಟ್ಟಿಯಲ್ಲಿ, ಡೆಸ್ಕ್‌ಟಾಪೇ ಇತ್ತು. ಮುಂದುವರಿಯಬೇಕೆಂದರೆ ‘ಯೆಸ್, ಡೂ ಆ್ಯಸ್ ಐ ಸೇ!’ (ಹೌದು, ಹೇಳಿದಷ್ಟು ಮಾಡು!) ಎಂದು ಟೈಪ್ ಮಾಡಿ ಎಂಬುದು ಕೊನೆಯ ಸಾಲು. ಅವರು ಟೈಪ್ ಮಾಡಿದರು. ಮರಳಿ ಬಂದದ್ದು ಬರೀ ಕಪ್ಪು ಪರದೆ.

ಎಚ್ಚರಿಕೆ ಓದದಿದ್ದದ್ದು ಅವರದೇ ತಪ್ಪು ಎಂದು ಬೈದವರಿಗೆ ಲೆಕ್ಕವಿಲ್ಲ. ನನಗೇನೋ ಹಾಗನ್ನಿಸುವುದಿಲ್ಲ. ಗೇಮ್ ಆ್ಯಪ್ ಕೇಳಿದರೆ ಡೆಸ್ಕ್‌ಟಾಪ್ ಹೋಗುತ್ತದೆ ಎಂದು ಯಾರು ತಾನೇ ಊಹಿಸುತ್ತಾರೆ? ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಅಲ್ಲೇ ನೇತುಹಾಕಿದಂತಿತ್ತು ಆ ಪ್ರಶ್ನೆ. ಮೂಲ ದೋಷ ಸ್ಟೀಮ್ ಅವಲಂಬಿಸಿದ್ದ ಪ್ಯಾಕೇಜುಗಳ ಹೊಂದಾಣಿಕೆಯಲ್ಲಿತ್ತು. ಬಳಕೆದಾರರ ಕಣ್ಣಿಗೆ ಅದು ಬೀಳಲೇ ಇಲ್ಲ.

ಅದೇ ತಿಂಗಳು ಡೆಬಿಯನ್‌ನ ಆಪ್ಟ್ ತಂಡ ಆ ಪ್ರಶ್ನೆಯನ್ನೇ ಕಿತ್ತುಹಾಕಿತು. 2.3.12 ಆವೃತ್ತಿಯಿಂದ ಅದು ಪ್ರಶ್ನೆಯಲ್ಲ, ದೋಷ: ವ್ಯವಸ್ಥೆಗೆ ಅತ್ಯಗತ್ಯವಾದ ಪ್ಯಾಕೇಜುಗಳನ್ನು ತೆಗೆಯಲು ಅನುಮತಿಯಿಲ್ಲ. ತೆಗೆಯಲೇಬೇಕು ಎನ್ನುವವರು ಅದಕ್ಕೆಂದೇ ಇರುವ ಬೇರೆ ಆಯ್ಕೆಯನ್ನು ಕಮಾಂಡಿನಲ್ಲೇ ಬರೆದುಕೊಡಬೇಕು.

ಇದಕ್ಕೂ ಮುಂಚಿನದು ಆಪ್ಟ್‌ನದೇ ‘ಲಾಕ್ ಸಿಗಲಿಲ್ಲ’ ಎಂಬ ಗೋಳು. ಉಬುಂಟು ಬಳಸಿದವರಿಗೆಲ್ಲ ಇದರ ಪರಿಚಯ ಉಂಟು. ಕಂಪ್ಯೂಟರ್ ಆನ್ ಮಾಡಿ ಏನನ್ನೋ ಇನ್‌ಸ್ಟಾಲ್ ಮಾಡಲು ಹೋದರೆ ‘ಸಂಪನ್ಮೂಲ ತಾತ್ಕಾಲಿಕವಾಗಿ ಲಭ್ಯವಿಲ್ಲ’ ಎಂದು 11ನೇ ನಂಬರಿನ ದೋಷ. ಹಿನ್ನೆಲೆಯಲ್ಲಿ ನಡೆಯುತ್ತಿದ್ದ ಅಪ್‌ಡೇಟ್, ಬೇರಾರೂ ಬರೆಯದಂತೆ ಪ್ಯಾಕೇಜುಗಳ ಡೇಟಾಬೇಸಿಗೆ ಲಾಕ್ ಹಾಕಿರುತ್ತಿತ್ತು, ಐದು ನಿಮಿಷ ಸುಮ್ಮನಿದ್ದರೆ ಸಾಕಿತ್ತು. ಅದನ್ನು ಹೇಳುವವರಿಲ್ಲದೆ ಲಾಕ್ ಫೈಲನ್ನೇ ಅಳಿಸಿಬಿಡುವ ನಾಟಿವೈದ್ಯ ಹಬ್ಬಿತು. ಒಂದೇ ಡೇಟಾಬೇಸಿಗೆ ಇಬ್ಬರು ಏಕಕಾಲಕ್ಕೆ ಬರೆಯಹೊರಟರೆ ಕೆಡದೆ ಇರುತ್ತದೆಯೇ? 2020ರ ಮಾರ್ಚ್‌ನಲ್ಲಿ ಬಂದ ಆಪ್ಟ್ 2.0, ಲಾಕ್ ಹಿಡಿದಿರುವ ಪ್ರೋಗ್ರಾಂ ಯಾವುದು, ಅದರ ಸಂಖ್ಯೆ ಎಷ್ಟು ಎಂದು ತಿಳಿಸಿ, ಅದು ಮುಗಿಯುವ ತನಕ ತಾನೇ ಕಾಯತೊಡಗಿತು. ಹಿಡಿದವರು ಯಾರೆಂದು ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಮೊದಲಿಂದಲೂ ಗೊತ್ತಿತ್ತು. ಕೇಳಿದವರಿರಲಿಲ್ಲ.

ಹಾಗಾಗಿ ದೋಷದ ಸಂದೇಶ ಸುಧಾರಿಸುವುದೆಂದರೆ ಬರೀ ವಾಕ್ಯ ತಿದ್ದುವ ಕೆಲಸವಲ್ಲ. ಕಾರಣ ಗೊತ್ತಿಲ್ಲದ ಪ್ರೋಗ್ರಾಂ ಎಷ್ಟು ನಯವಾಗಿ ಮಾತಾಡಿದರೇನು? ಒಂದು ಪ್ಯಾಕೇಜಿಗೆ ಬೇಕಾದ ಆವೃತ್ತಿ ಇನ್ನೊಂದಕ್ಕೆ ಹೊಂದದ ಜಗಳದಲ್ಲಿ ಇದು ಇನ್ನೂ ಸ್ಪಷ್ಟ. ಹಳೆಯ ಪದ್ಧತಿಯಲ್ಲಿ ಒಂದು ಜೋಡಣೆ ಹೊಂದದಿದ್ದರೆ ಹಿಂದೆ ಸರಿದು ಇನ್ನೊಂದನ್ನು ನೋಡುವುದು. ಏಕೆ ಹೊಂದಲಿಲ್ಲ ಎಂಬುದು ಮರೆತೇಹೋಗುತ್ತಿತ್ತು. ಡಾರ್ಟ್ ಭಾಷೆಗಾಗಿ ನಟಾಲಿ ವೈಜೆನ್‌ಬಾಮ್ 2018ರಲ್ಲಿ ಪರಿಚಯಿಸಿದ ‘ಪಬ್‌ಗ್ರಬ್’ ಎಂಬ ವಿಧಾನ ಪ್ರತಿ ಸೋಲಿನ ಕಾರಣವನ್ನೂ ಬರೆದಿಟ್ಟುಕೊಳ್ಳುತ್ತದೆ. ‘ಮೆನು 2ಕ್ಕೆ ಐಕಾನ್ಸ್ 2 ಬೇಕು, ನೀವು ಕೇಳಿರುವುದು ಐಕಾನ್ಸ್ 1, ಆದ್ದರಿಂದ ಮೆನು 2 ಆಗದು’ ಎಂಬಂಥ ವಿವರಣೆ ಹುಟ್ಟುವುದು ಆ ಟಿಪ್ಪಣಿಗಳಿಂದಲೇ. ಸ್ವಿಫ್ಟ್‌ನ ಪ್ಯಾಕೇಜ್ ಮ್ಯಾನೇಜರ್, ಪೈಥಾನ್‌ನ ಪೊಯೆಟ್ರಿ ಮತ್ತು ಯುವಿ ಇದನ್ನೇ ಹಿಡಿದವು.

ಆಪ್ಟ್‌ಗೂ ಈಗ ಇಂಥ ಜೋಡಣೆ ಹುಡುಕುವ ಹೊಸ ಸಾಲ್ವರ್ ಬಂದಿದೆ. 2025ರ 3.0 ಆವೃತ್ತಿಯಲ್ಲಿ ತೆಗೆಯುವ ಪ್ಯಾಕೇಜುಗಳು ಕೆಂಪು, ಸೇರಿಸುವವು ಹಸಿರು. ಜೋಡಣೆ ಮುರಿದರೆ ‘ಪರಸ್ಪರ ವಿರುದ್ಧವಾದ ಎರಡು ತೀರ್ಮಾನಗಳಿಗೆ ಬಂದೆ’ ಎಂದು ಎರಡರ ಕಾರಣವನ್ನೂ ಹಂತಹಂತವಾಗಿ ಕೊಡುತ್ತದೆ. ಕಾರಣವೇನೋ ಪೂರ್ತಿ ಇದೆ. ಆದರೆ ಕೋಲನ್ ಚಿಹ್ನೆಗಳು, ಆವೃತ್ತಿ ಸಂಖ್ಯೆಗಳು ಕಿಕ್ಕಿರಿದ ಆ ಸಾಲುಗಳನ್ನು ಗೇಮ್ ಆಡಲು ಬಂದವರು ಓದಿಯಾರೆಂಬ ನಂಬಿಕೆ ನನಗಿಲ್ಲ.