ದೂರ ಅಷ್ಟೇ, ಹೊತ್ತು ಬೇರೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವಣ ದೂರ ಸುಮಾರು 14,000 ಕಿ.ಮೀ. ಪೆಸಿಫಿಕ್ ಸಾಗರ ನಡುವೆ ಬರುವಂಥ ಭೂಪಟದಲ್ಲಿ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಅದು ಆ ಸಾಗರದ ನಡುವೆ ಹಾಯುತ್ತದೆ. ಗ್ಲೋಬಿನ ಮೇಲೆ ದಾರ ಬಿಗಿಹಿಡಿದು ನೋಡಿದರೆ ದಾರಿಯೇ ಬೇರೆ: ಚೀನಾ, ಸೈಬೀರಿಯ ದಾಟಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲೆ ಇಳಿದುಬರುತ್ತದೆ. ಅದೇ ಹತ್ತಿರದ ದಾರಿ. ರೇಖಾಂಶಗಳು ಧ್ರುವದ ಕಡೆ ಹೋದಂತೆ ಒತ್ತೊತ್ತಾಗುವುದೇ ಇದಕ್ಕೆ ಕಾರಣ. ಚಳ್ಳಕೆರೆ, ಮೊಳಕಾಲ್ಮೂರುಗಳ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ದಾಟಲು 108 ಕಿ.ಮೀ. ಹೋಗಬೇಕು, 71 ಡಿಗ್ರಿಯಲ್ಲಿ 36 ಸಾಕು.

ದೂರದ ಲೆಕ್ಕ ಇಷ್ಟಕ್ಕೆ ಮುಗಿಯಿತು. ಹೊತ್ತಿನದು ಅಷ್ಟು ಸಲೀಸಲ್ಲ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ ಗಾಳಿಯೇ ಇಲ್ಲದಿದ್ದರೆ ಹದಿನೈದೂವರೆ ಗಂಟೆ ಬೇಕು. ಆದರೆ ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಹರಿಯುತ್ತಿರುತ್ತದೆ. ಅದರ ವೇಗ 150 ಕಿ.ಮೀ. ಎಂದುಕೊಂಡರೂ, ಬೆನ್ನಿಗೆ ಬಂದಾಗ ವಿಮಾನ ನೆಲದ ಲೆಕ್ಕದಲ್ಲಿ 1,050 ಕಿ.ಮೀ. ಓಡುತ್ತದೆ, ಎದುರಾದಾಗ 750ಕ್ಕೆ ಇಳಿಯುತ್ತದೆ. ಹೋಗುವಾಗಿನ ಹೊತ್ತು ಬರುವಾಗ ಸಾಲದಿರುವುದು ಇದರಿಂದಲೇ. ಭೂಮಿ ತಿರುಗುವುದಕ್ಕೂ ಇದಕ್ಕೂ ನೇರ ಸಂಬಂಧ ಕಟ್ಟುವವರಿದ್ದಾರೆ. ಆದರೆ ನೆಲದ ಜೊತೆಗೆ ಗಾಳಿಯೂ ತಿರುಗುವುದರಿಂದ ಮೇಲೆ ಹಾರಿ ಕಾದು ಕುಳಿತರೆ ಅಮೆರಿಕ ಕೆಳಗೆ ಬರುವುದಿಲ್ಲ.

ಹೀಗಾಗಿ ಹತ್ತಿರದ ದಾರಿಯೇ ಬೇಗನೆಯ ದಾರಿ ಆಗಬೇಕೆಂದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಿಲ್ದಾಣಗಳ ನಡುವೆ ನೇರ ಹಾರಾಟ ಶುರುಮಾಡಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಬೋಯಿಂಗ್ 777 ವಿಮಾನವನ್ನು ಉತ್ತರ ಧ್ರುವದ ಮೇಲಿಂದ ತಂದಿತು. ಧ್ರುವವನ್ನೇ ಹಾದು ಬಂದರೆ ದಾರಿ ಸುಮಾರು 370 ಕಿ.ಮೀ. ಹೆಚ್ಚು. ಆದರೂ ಪೆಸಿಫಿಕ್ ಮೇಲಿನ ಎದುರುಗಾಳಿ ತಪ್ಪುವುದರಿಂದ ಹೊತ್ತೂ ಇಂಧನವೂ ಉಳಿಯುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಅಲ್ಲಿನ 9ರ ರಾತ್ರಿ ಎಂಟೂವರೆಗೆ ಹೊರಟ ವಿಮಾನ ಬೆಂಗಳೂರಿಗೆ ಇಳಿದದ್ದು 11ರ ನಸುಕಿನಲ್ಲಿ. ಕ್ಯಾಲೆಂಡರಿನಲ್ಲಿ ಎರಡು ರಾತ್ರಿ ಕಳೆದಂತಿದ್ದರೂ ಹಾರಿದ್ದು ಸುಮಾರು 17 ಗಂಟೆ. ಮಿಕ್ಕದ್ದು ಎರಡು ದೇಶಗಳ ಗಡಿಯಾರಗಳ ನಡುವಿನ ಹದಿಮೂರೂವರೆ ಗಂಟೆಯ ಅಂತರ.

ಟಿಕೆಟ್‌ನಲ್ಲಿ ಕಾಣದ ಹೊತ್ತೂ ಇದೆ, ಚಳ್ಳಕೆರೆಯಂಥ ಊರಿನಿಂದ ಹೊರಟು ವಿಮಾನ ಹತ್ತುವವರೆಗಿನದು. ಚಳ್ಳಕೆರೆ ತಾಲ್ಲೂಕಿನಲ್ಲಿ ರನ್‌ವೇ ಇಲ್ಲವೆಂದಲ್ಲ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಗಿದೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನವನ್ನು ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟಾಗ ಅದು ತಾನಾಗಿ ಬಂದಿಳಿದದ್ದು ಇಲ್ಲಿಯೇ. ಪ್ರಯಾಣಿಕರಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ಅವರು ಹಿರಿಯೂರು, ಶಿರಾ, ತುಮಕೂರು ಹಾದು, ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಬೇಕು. ರಸ್ತೆಗೆ ನಾಲ್ಕು ಗಂಟೆ, ನಿಲ್ದಾಣದ ತಪಾಸಣೆ, ಸಾಲುಗಳಿಗೆ ಮೂರು ಗಂಟೆ ಹಿಡಿದರೆ ಹದಿನೇಳು ಗಂಟೆಯ ಹಾರಾಟ ಇಡೀ ಒಂದು ದಿನವಾಗುತ್ತದೆ. ಮೊಳಕಾಲ್ಮೂರಿನಿಂದ ಹೊರಟವರು ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು.