ಚಾಯ್‌ಗೆ ಮೂರು ಚುಕ್ಕಿ: ರಾಸ್ಟರ್ ಬ್ರಷ್ ಮತ್ತು ವೆಕ್ಟರ್ ಬ್ರಷ್

ಮದ್ದೂರಿನಲ್ಲಿ ನಮ್ಮ ಅಬ್ಬಾ ಅವರದು ರಸ್ತೆ ಬದಿಯ ಸಣ್ಣ ಟೀ ಅಂಗಡಿ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವವರೇ ನಮ್ಮ ಗಿರಾಕಿಗಳು. ಬಂಡೀಪುರ ಕಾಡಿನ ನಡುವೆ ಹಾದುಹೋಗುವ ಈ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ನಿಷೇಧ ಇರುವುದು ನಿಮಗೆಲ್ಲ ಗೊತ್ತು. ಸಂಜೆಯಾದರೆ ಎಲ್ಲರಿಗೂ ಅವಸರ. ಓಡುವ ಗಾಡಿಯಿಂದಲೇ ಬೋರ್ಡ್ ಓದಲು ಬರಬೇಕು.

ಕಳೆದ ವರ್ಷ ಆ ಬೋರ್ಡನ್ನು ನಾನೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಫೋನಿನ ಡ್ರಾಯಿಂಗ್ ಆ್ಯಪ್‌ನಲ್ಲಿ ಬೆರಳಿನಿಂದಲೇ ಕೆಟಲ್ ಬಿಡಿಸಿ, ಕನ್ನಡದಲ್ಲೂ ಉರ್ದುವಿನಲ್ಲೂ ‘ಚಾಯ್’ ಎಂದು ಬರೆದೆ. ಫೋನಿನಲ್ಲಿ ತುಂಬಾ ಚೆನ್ನಾಗಿತ್ತು. ಅಬ್ಬಾ 480 ರೂಪಾಯಿ ಕೊಟ್ಟು 8 ಅಡಿ ಅಗಲ, 4 ಅಡಿ ಎತ್ತರದ ಫ್ಲೆಕ್ಸ್ ಮಾಡಿಸಿದರು. ಬಿಚ್ಚಿ ನೋಡಿದರೆ ಎಲ್ಲ ಮಸುಕು! ಉರ್ದುವಿನಲ್ಲಿ ‘ಚ’ ಅಕ್ಷರಕ್ಕೆ ಕೆಳಗೆ ಮೂರು ಚುಕ್ಕಿ, ‘ಜ’ ಅಕ್ಷರಕ್ಕೆ ಒಂದೇ ಚುಕ್ಕಿ. ನನ್ನ ಮೂರು ಚುಕ್ಕಿಗಳು ಕರಗಿ ಒಂದಾಗಿದ್ದವು. ‘ಚಾಯ್’ ಹೋಗಿ ‘ಜಾಯೆ’ ಆಗಿತ್ತು, ಅಂದರೆ ‘ಹೋಗಲಿ’. ಅಮ್ಮಿ ನಕ್ಕುಬಿಟ್ಟರು. ಅಬ್ಬಾ ಏನೂ ಹೇಳಲಿಲ್ಲ. ಫ್ಲೆಕ್ಸನ್ನು ತಿರುಗಿಸಿ ಬಿಸಿಲಿಗೆ ಮರೆಯಾಗಿ ಕಟ್ಟಿದರು. ಅವರು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ತಪ್ಪು ಎಲ್ಲಿ ಆಯಿತು ಎಂದು ಹುಡುಕಲು ಹೊರಟಾಗ ಈ ಎರಡು ಬ್ರಷ್‌ಗಳ ವಿಷಯ ಕಲಿತೆ.

ನಾನು ಬಳಸಿದ್ದು ರಾಸ್ಟರ್ ಬ್ರಷ್. ಅದನ್ನು ರಬ್ಬರ್ ಸ್ಟಾಂಪ್ ಎಂದುಕೊಳ್ಳಿ. ನಾವು ಬೆರಳು ಎಳೆದಾಗ ಅದು ಒಂದರ ಪಕ್ಕ ಒಂದು ಮುದ್ರೆ ಒತ್ತುತ್ತಾ ಹೋಗುತ್ತದೆ. ಮುದ್ರೆಗಳು ತೀರಾ ಹತ್ತಿರ ಇರುವುದರಿಂದ ಗೆರೆಯಂತೆ ಕಾಣುತ್ತದೆ. ಬ್ರಷ್ ಸೆಟ್ಟಿಂಗ್‌ನಲ್ಲಿ ‘ಸ್ಪೇಸಿಂಗ್’ ಹೆಚ್ಚಿಸಿದರೆ ಮುದ್ರೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಪ್ರತಿ ಮುದ್ರೆಯೂ ಪಿಕ್ಸೆಲ್ ಎಂಬ ಸಣ್ಣ ಚೌಕಗಳ ಬಣ್ಣ ಬದಲಿಸುತ್ತದೆ. ಕೊನೆಗೆ ಫೈಲ್‌ನಲ್ಲಿ ಉಳಿಯುವುದು ಆ ಬಣ್ಣಗಳು ಮಾತ್ರ. ಗೆರೆ ಎಲ್ಲಿಂದ ಹೊರಟು ಎಲ್ಲಿ ತಿರುಗಿತು ಎಂಬುದು ಉಳಿಯುವುದಿಲ್ಲ.

ವೆಕ್ಟರ್ ಬ್ರಷ್ ಗೆರೆಯ ದಾರಿಯನ್ನೇ ಬರೆದಿಟ್ಟುಕೊಳ್ಳುತ್ತದೆ: ಈ ಬಿಂದುವಿನಿಂದ ಆ ಬಿಂದುವಿಗೆ, ಇಷ್ಟು ಬಾಗಿ, ಇಷ್ಟು ದಪ್ಪ, ಈ ಬಣ್ಣ. ಈ ಬಾಗುಗಳಿಗೆ ಬೆಜಿಯೇ ವಕ್ರರೇಖೆ ಎಂದು ಹೆಸರು. 1960ರ ದಶಕದಲ್ಲಿ ರೆನೋ ಕಾರು ಕಂಪನಿಯಲ್ಲಿ ಕಾರಿನ ಮೈ ವಿನ್ಯಾಸಕ್ಕೆ ಇವುಗಳನ್ನು ಬಳಸಿದ ಫ್ರೆಂಚ್ ಎಂಜಿನಿಯರ್ ಪಿಯರ್ ಬೆಜಿಯೇ ಅವರಿಂದ ಬಂದ ಹೆಸರು ಅದು. ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಕಂಪ್ಯೂಟರ್ ಹೊಸದಾಗಿ ಲೆಕ್ಕ ಹಾಕಿ ಗೆರೆಯನ್ನು ಮತ್ತೆ ಎಳೆಯುತ್ತದೆ. ‘ನುಡಿ’ಯಲ್ಲಿ ಟೈಪ್ ಮಾಡಿದ ಅಕ್ಷರವನ್ನು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದಿರಲು ಕಾರಣವೂ ಇದೇ. ಫಾಂಟ್‌ನಲ್ಲಿರುವುದೂ ಇಂಥ ವಕ್ರರೇಖೆಗಳೇ.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ರಾಸ್ಟರ್ ಎಂದರೆ ಕೊನೆಯ ಬ್ಯಾಲೆನ್ಸ್ ಮಾತ್ರ ಬರೆದ ಚೀಟಿ. ವೆಕ್ಟರ್ ಎಂದರೆ ಜರ್ನಲ್ ಎಂಟ್ರಿಗಳೆಲ್ಲ ಇರುವ ಪುಸ್ತಕ. ಯಾವ ಎಂಟ್ರಿಯನ್ನು ಬೇಕಾದರೂ ಹುಡುಕಿ ತಿದ್ದಬಹುದು.

ಈಗ ನನ್ನ ಬೋರ್ಡಿನ ಲೆಕ್ಕ ನೋಡಿ. ನಾನು ಬರೆದ ಚಿತ್ರದ ಅಗಲ 1080 ಪಿಕ್ಸೆಲ್, ಎತ್ತರ 540, ಒಟ್ಟು 5,83,200. ಬೋರ್ಡಿನ ಅಗಲ 96 ಇಂಚು. ಅಂದರೆ ಇಂಚಿಗೆ 11 ಪಿಕ್ಸೆಲ್ ಮಾತ್ರ. ಒಂದೊಂದು ಪಿಕ್ಸೆಲ್ ಎರಡು ಮಿಲಿಮೀಟರಿಗಿಂತ ದೊಡ್ಡ ಚೌಕ. ಇಂಚಿಗೆ 72 ಎಂದು ಹಿಡಿದರೂ ಬೇಕಾಗಿದ್ದು ಸುಮಾರು 2 ಕೋಟಿ 39 ಲಕ್ಷ ಪಿಕ್ಸೆಲ್, ನನ್ನಲ್ಲಿದ್ದದ್ದರ 41 ಪಟ್ಟು! ಇಲ್ಲದ ಪಿಕ್ಸೆಲ್‌ಗಳನ್ನು ಕಂಪ್ಯೂಟರ್ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನಲ್ಲಿ ತುಂಬಿತು. ಚುಕ್ಕಿಗಳ ನಡುವಿನ ಜಾಗ ಹಾಗೆಯೇ ಮುಚ್ಚಿಹೋಯಿತು.

ಹಾಗಾದರೆ ರಾಸ್ಟರ್ ಕೆಟ್ಟದ್ದೇ? ಅಲ್ಲ. ಜಲವರ್ಣದಂತೆ ಬಣ್ಣ ಹರಡಲು, ಬೆರೆಸಲು, ನೆರಳು ಕೊಡಲು ರಾಸ್ಟರ್ ಬ್ರಷ್ ಬೇಕು. ‘ಕ್ರಿಟಾ’ ಎಂಬ ಉಚಿತ ಸಾಫ್ಟ್‌ವೇರ್ ಇದಕ್ಕೆ ಒಳ್ಳೆಯದು. ಆದರೆ ಪ್ರಿಂಟ್ ಆಗುವ ಅಳತೆಯನ್ನು ಮೊದಲೇ ಲೆಕ್ಕ ಹಾಕಿ ಕ್ಯಾನ್ವಾಸ್ ಇಡಬೇಕು. ಲೋಗೋ, ಬೋರ್ಡ್, ಬ್ಯಾನರ್, ಅಕ್ಷರಗಳಿಗೆ ವೆಕ್ಟರ್ ಸರಿ. ‘ಇಂಕ್‌ಸ್ಕೇಪ್’ ಕೂಡ ಉಚಿತ. ಫೈಲನ್ನು ಎಸ್‌ವಿಜಿ ಅಥವಾ ಪಿಡಿಎಫ್ ಆಗಿ ಕೊಡಿ. ಜೆಪಿಜಿ ಚಿತ್ರವನ್ನು ಪಿಡಿಎಫ್ ಒಳಗೆ ಇಟ್ಟ ಮಾತ್ರಕ್ಕೆ ಅದು ವೆಕ್ಟರ್ ಆಗುವುದಿಲ್ಲ ಎಂಬುದು ನೆನಪಿರಲಿ.

ಇದನ್ನೆಲ್ಲ ಹೇಳಿದಾಗ ನಮ್ಮ ದಾದಾ ಆಶ್ಚರ್ಯಪಡಲಿಲ್ಲ. ನಸ್ತಾಲೀಖ್ ಬರವಣಿಗೆಯಲ್ಲಿ ಅಕ್ಷರದ ಅಳತೆಯನ್ನು ಇಂಚಿನಲ್ಲಿ ಹೇಳುವುದಿಲ್ಲ. ಅದೇ ಕಲಮಿನಿಂದ ಇಟ್ಟ ಚುಕ್ಕಿಗಳಲ್ಲಿ ಎಣಿಸುತ್ತಾರೆ. ಕಲಮು ದಪ್ಪವಾದರೆ ಚುಕ್ಕಿಯೂ ದೊಡ್ಡದು, ಅಕ್ಷರವೂ ದೊಡ್ಡದು. ಆಕಾರ ಮಾತ್ರ ಅದೇ. ವೆಕ್ಟರ್‌ನ ಗುಟ್ಟು ನಮ್ಮ ಮನೆಯಲ್ಲೇ ಇತ್ತು, ನಾನು ಕೇಳಿರಲಿಲ್ಲ ಅಷ್ಟೆ.

ಹೊಸ ಬೋರ್ಡನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದೆ. ಈ ಸಲದ ಹಣ ನನ್ನ ಉಳಿತಾಯದ್ದು. ಪ್ರಿಂಟ್‌ಗೆ ಕೊಡುವ ಮೊದಲು ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: “ಚುಕ್ಕಿ ಎಷ್ಟು ಬೇಟಾ?”

“ಮೂರು, ಅಬ್ಬಾ.”

ಈಗ ಬೋರ್ಡ್ ಅಂಗಡಿಯ ಮುಂದಿದೆ. ಆ ಕಡೆ ಬಂದರೆ ಓದಿ ನೋಡಿ, ಟೀ ಕುಡಿದು ಹೋಗಿ.